ಹತ್ತಿಮರಿಯ ಛತ್ರಿ

ಮನೆಯಿಂದ,
ಭಾನುವಾರ, ಮಾರ್ಚ್ ೧೨

ನನ್ನ ಹತ್ತಿಮರಿಗೆ,

ಅಮ್ಮನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಚೆನ್ನಾಗಿದ್ದೀಯೋ ಇಲ್ಲವೋ ಅನ್ನುವುದೊಂದೇ ಚಿಂತೆ. ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ಇಷ್ಟು ದಿನ ಉತ್ತರ ಬರೆಯದೆ ಕೂತಿದ್ದಕ್ಕೆ ಬೇಕಾದರೆ ಬೈದುಕೋ, ಆದರೆ ಆ ಕೋಪದಲ್ಲಿ ಊಟ ಬಿಡಬೇಡ. ದಿನಾ ಬರೆಯಲು ಕೂರುತ್ತಿದ್ದೆ, ನಿನ್ನ ಹೆಸರು ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು "ಬೇಗ ಹೇಳಮ್ಮ" ಅನ್ನುತ್ತೀಯ. ನನಗೆ ಬೇಗ ಬರುವುದಿಲ್ಲ. ಆರನೇ ಕ್ಲಾಸಿಗೇ ನಿಂತವಳ ಕಾಗದ ಇದು, ಹಿಂದುಮುಂದಾದರೆ ನೀನೇ ಹೊಂದಿಸಿಕೊಂಡು ಓದು.

ಅಲ್ಲಿ ಬೆಳಿಗ್ಗೆ ಚಳಿ ಇದೆಯಾ? ಆ ನೀಲಿ ಮಫ್ಲರ್ ಸುತ್ತಿಕೊಳ್ಳುತ್ತೀಯಾ? ಬೇಡ, ಸುತ್ತಿಕೊಳ್ಳಬೇಡ, ಕತ್ತು ತಿರುಗಿಸಲು ಅಡ್ಡ ಬರುತ್ತದೆ. ಮೇಲಿರುವಾಗ ಕತ್ತು ತಿರುಗಿಸುತ್ತಲೇ ಇರು. ನೀರು ಕುಡಿ. ಸೀಟಿನ ಕೆಳಗೆ ಹಾಕುವ ಸೀಸದ ತೂಕ ಅಲ್ಲಾಡುತ್ತದೆಯೇ ಅಂತ ನೀನೇ ಕೈ ಹಾಕಿ ನೋಡು, ಬೇರೆಯವರು "ಎಲ್ಲಾ ಸರಿ ಇದೆ" ಅಂದರೆ ನಂಬಬೇಡ. ಹುಟ್ಟಿದಾಗ ಕೈಯಲ್ಲಿ ಹತ್ತಿ ಹಿಡಿದ ಹಾಗಿದ್ದೆ ಅಂತ ನಿನ್ನ ಅಜ್ಜಿ ಆ ಹೆಸರಿಟ್ಟಳು. ಇಪ್ಪತ್ತನಾಲ್ಕು ವರ್ಷವಾದರೂ ಇಂಜಿನ್ ಇಲ್ಲದ ಆ ಗ್ಲೈಡರ್ ವಿಮಾನಕ್ಕೆ ನಿನ್ನ ತೂಕ ಸಾಲದು ಅಂತ ಸೀಸ ಹೊತ್ತುಕೊಂಡು ಹಾರುತ್ತೀಯ. ನನಗೆ ನಿದ್ದೆ ಎಲ್ಲಿಂದ ಬರಬೇಕು?

ಇಲ್ಲಿ ಮೈದಾನದ ಹುಲ್ಲು ಕತ್ತರಿಸಿದ್ದಾರೆ. ನಿಮ್ಮಪ್ಪ ನಡೆಸುವ ವಿಂಚು ಯಂತ್ರಕ್ಕೆ ಹೊಸ ಹಗ್ಗ ಬಂದಿದೆ. ಗ್ಲೈಡರನ್ನು ಮೇಲಕ್ಕೆಳೆಯುವ ಹಗ್ಗ ತಾನೇ ಅಂದರೆ ಕೇಳುವುದಿಲ್ಲ, ದಿನಕ್ಕೆ ನಾಲ್ಕು ಸಲ ಅದನ್ನು ಸವರಿ ಬರುತ್ತಾರೆ. ನನ್ನ ತಲೆಯನ್ನು ಒಂದು ಸಲವಾದರೂ ಹಾಗೆ ಸವರಿದ್ದು ನೆನಪಿಲ್ಲ. ನಾನು ಹ್ಯಾಂಗರಿನ ಹಿಂದಿನ ಕೋಣೆಯಲ್ಲಿ ಅದೇ ಉದ್ದನೆಯ ಮೇಜಿನ ಮುಂದೆ ಪ್ಯಾರಾಚೂಟ್ ಮಡಿಚುತ್ತಿದ್ದೇನೆ. ಈ ತಿಂಗಳು ಹನ್ನೊಂದು ಮುಗಿದವು. ನಾಲ್ಕು ತಿಂಗಳಿಗೊಮ್ಮೆ ಬಿಚ್ಚುವುದು, ನೇತುಹಾಕಿ ಗಾಳಿಯಾಡಿಸುವುದು, ದಾರಗಳನ್ನು ನೇರ ಮಾಡುವುದು, ಮತ್ತೆ ಮಡಿಚುವುದು. ಯಾರಿಗೂ ಇದು ಬೇಕಾಗದಿರಲಿ ಅಂತ ಬೇಡಿಕೊಳ್ಳುತ್ತಾ ಇಪ್ಪತ್ತು ವರ್ಷದಿಂದ ಮಡಿಚುತ್ತಿದ್ದೇನೆ. ನೀನು ಚಿಕ್ಕವಳಿದ್ದಾಗ ಮೇಜಿನ ಕೆಳಗೆ ಕೂತು ನನ್ನ ಸಾಮಾನು ಎಣಿಸುತ್ತಿದ್ದೆ, ನೆನಪಿದೆಯಾ? ಕೊಕ್ಕೆ ಒಂದು, ಇಕ್ಕಳ ಒಂದು, ಕತ್ತರಿ ಒಂದು, ಮರಳಿನ ಚೀಲ ನಾಲ್ಕು. ಶುರುಮಾಡುವ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ. ಒಂದು ಕಡಿಮೆ ಬಂದರೂ ಪೂರ್ತಿ ಬಿಚ್ಚಬೇಕು. ಒಳಗೆ ಏನಾದರೂ ಉಳಿದರೆ ಛತ್ರಿ ಅರಳುವುದಿಲ್ಲ.

ಇನ್ನು ನಿನ್ನ ವಿಷಯಕ್ಕೆ ಬರುತ್ತೇನೆ. ಎಷ್ಟು ಸುತ್ತಿದರೂ ಬರಲೇಬೇಕಲ್ಲ.

ಹೋದ ವರ್ಷದ ಸ್ಪರ್ಧೆಯಲ್ಲಿ ಮೂವತ್ತೆಂಟು ಜನರಲ್ಲಿ ನಾಲ್ಕನೆಯವಳಾಗಿ ಬಂದವಳು ನೀನು. ಈ ಬೇಸಿಗೆಯ ದೊಡ್ಡ ಸ್ಪರ್ಧೆಯ ಪಟ್ಟಿ ಬಂದಾಗ ನಿನ್ನ ಹೆಸರು ಎಲ್ಲರೂ ಹಾರುವ ಮುಕ್ತ ವಿಭಾಗದಲ್ಲಿ ಇರಲಿಲ್ಲ, ಮಹಿಳೆಯರ ವಿಭಾಗದಲ್ಲಿತ್ತು. ಫಾರಂ ತುಂಬಿದ ಮೇಷ್ಟ್ರಿಗೆ ಫೋನು ಮಾಡಿ ಕೂಗಾಡಿದೆಯಂತೆ. ಅವರು "ಹೌದು, ಬರೆದದ್ದು ನನ್ನ ಕೈಯೇ" ಅಂತಷ್ಟೇ ಹೇಳಿದರಂತೆ. "ಹದಿನಾರು ವರ್ಷದಿಂದ ಕಲಿಸಿದವರು ನನ್ನನ್ನ ಹೆಣ್ಣು ಅಂತ ಪಕ್ಕಕ್ಕೆ ತಳ್ಳಿದರು, ಅವರ ಮುಖ ನೋಡಲ್ಲ" ಅಂತ ಬರೆದಿದ್ದೀಯ. ಇಪ್ಪತ್ತನೇ ತಾರೀಖು ಸ್ಪರ್ಧೆ ನಡೆಸುವವರ ಸಭೆಯಲ್ಲಿ ಎದ್ದು ನಿಂತು, ಮಹಿಳೆಯರ ಸ್ಪರ್ಧೆಯನ್ನೇ ಮುಚ್ಚಿ ಅಂತ ಮನವಿ ಓದುತ್ತೀಯಂತೆ, ಮೇಷ್ಟ್ರ ಹೆಸರನ್ನೂ ಎತ್ತುತ್ತೀಯಂತೆ. ಕೊನೆಗೆ "ನೀನೇನಂತೀಯಮ್ಮ? ನಿಜ ಹೇಳು" ಅಂತ ಕೇಳಿದ್ದೀಯ. ಆ ಕೊನೆಯ ಎರಡು ಪದ ಓದಿದಾಗಿನಿಂದ ನಿನ್ನ ಕಾಗದವನ್ನು ಮಡಿಚುವುದು, ಬಿಚ್ಚುವುದು, ಇದೇ ಕೆಲಸವಾಗಿದೆ.

ನನಗೇನು ಗೊತ್ತು ಅಂತ ನಿಮ್ಮಪ್ಪನನ್ನು ಕೇಳಿದೆ. ಹಗ್ಗದಿಂದ ತಲೆ ಎತ್ತದೆ ಹೇಳಿದರು: "ಕೊಕ್ಕೆ ಹಾಕಿದ್ರೆ ಎಳೀತೀನಿ ಕಣೇ. ಒಳಗೆ ಗಂಡಸು ಕೂತಿದಾನೋ ಹೆಂಗಸು ಕೂತಿದಾಳೋ ಹಗ್ಗಕ್ಕೆ ಹೇಗೆ ಗೊತ್ತಾಗ್ಬೇಕು? ಓಟ ಅಲ್ಲ, ಕುಸ್ತಿ ಅಲ್ಲ. ಗಾಳಿ ಎಲ್ಲಿ ಏಳ್ತಿದೆ ಅಂತ ಕಂಡುಹಿಡಿಯೋ ಬುದ್ಧಿ ಬೇಕು, ಅಷ್ಟೇ."

"ಹಾಗಾದ್ರೆ ಬೇರೆ ಸ್ಪರ್ಧೆ ಬೇಡ ಅಂತೀರಾ?"

"ಬೇಡ ಅಂದ್ನಾ ನಾನು? ಹಗ್ಗಕ್ಕೆ ಗೊತ್ತಿಲ್ಲ ಅಂದೆ. ಮನುಷ್ಯರಿಗೆ ಗೊತ್ತಿದೆಯಲ್ಲ."

ಇವರ ಮಾತು ಯಾವಾಗಲೂ ಹೀಗೇ, ಈ ದಡಕ್ಕೂ ಇಲ್ಲ ಆ ದಡಕ್ಕೂ ಇಲ್ಲ. ಹಾಗಾಗಿ ನಮ್ಮ ಮೈದಾನದವರೆಲ್ಲರ ದೊಡ್ಡಕ್ಕನನ್ನು ಕೇಳಿದೆ. ಅರವತ್ತಮೂರು ವರ್ಷದ ಆಕೆ ಈಗಲೂ ಗುರುವಾರ ಬಂದು ಹಾರಿ ಹೋಗುತ್ತಾರೆ. ಪ್ಯಾರಾಚೂಟ್ ಒಪ್ಪಿಸಲು ಬಂದವರನ್ನು ಕೂರಿಸಿ, ಟೀ ಕೊಟ್ಟು ಕೇಳಿದೆ.

"ನಾನು ಶುರು ಮಾಡಿದಾಗ ಈ ಮೈದಾನದಲ್ಲಿ ನಾನೊಬ್ಬಳೇ ಹೆಂಗಸು," ಅಂದರು. "ಒಂದ್ಸಲ ಇಳಿಸುವಾಗ ಚಕ್ರ ಎರಡು ಸಲ ಪುಟಿದುಬಿಡ್ತು. 'ನೋಡಿ, ಹೆಂಗಸರು ಇಳಿಸೋದು ಹೀಗೆ' ಅಂತ ನಕ್ಕರು. ಆಮೇಲೆ ಮಹಿಳೆಯರ ಸ್ಪರ್ಧೆಗೆ ಹೋದೆ. ಅಲ್ಲೂ ಹಾಗೇ ಪುಟೀತು. ಅಲ್ಲಿಯವಳೊಬ್ಬಳು ಬಂದು, 'ನೀನು ಇಳಿಸಿದ್ದು ಕೆಟ್ಟದಾಗಿತ್ತು, ಬಾ ತೋರಿಸ್ತೀನಿ' ಅಂದ್ಲು. ಕೆಟ್ಟದು ನನ್ನೊಬ್ಬಳದು, ಹೆಂಗಸರೆಲ್ಲರದ್ದಲ್ಲ ಅಂತ ಕೇಳಿ ಎಷ್ಟು ಖುಷಿಯಾಯ್ತು ಅಂತೀರ!"

"ಹಾಗಾದ್ರೆ ನಮ್ಮ ಹುಡುಗಿ ಅಲ್ಲೇ ಹಾರಲಿ ಅಂತೀರಾ?" ಅಂತ ನಾನು ಆಸೆಯಿಂದ ಕೇಳಿದೆ.

ದೊಡ್ಡಕ್ಕ ಲೋಟ ಕೆಳಗಿಟ್ಟರು. "ನನಗೆ ಅದು ಬೇಕಿತ್ತು. ಅವಳಿಗೆ ಬೇಕೋ ಬೇಡವೋ ಅವಳನ್ನ ಯಾರಾದ್ರೂ ಕೇಳಿದ್ರಾ?"

ನಾನು ಲೋಟ ತೊಳೆಯುವ ನೆಪ ಮಾಡಿ ಎದ್ದು ಹೋದೆ.

ಇನ್ನು ನನ್ನ ಮಾತು. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ನಾವಿದ್ದ ಬೀದಿಯ ಕೊನೆಯಲ್ಲಿ ಹೆಣ್ಣುಮಕ್ಕಳ ಶಾಲೆ ಇತ್ತು. ಎರಡು ಕೋಣೆ, ಒಂದು ನಲ್ಲಿ. ಗಣಿತದ ಟೀಚರು ಜೋರು, ಆದರೆ ನನ್ನನ್ನು ಕಂಡರೆ ಪ್ರೀತಿ. ನಾನು ಆರನೇ ಕ್ಲಾಸು ಮುಗಿಸುವ ಹೊತ್ತಿಗೆ ಅಧಿಕಾರಿಗಳು ಬಂದು, ಎಲ್ಲರೂ ಸಮಾನರು, ಹೆಣ್ಣುಮಕ್ಕಳಿಗೆ ಇನ್ನು ಬೇರೆ ಶಾಲೆ ಯಾಕೆ ಅಂತ ಒಳ್ಳೆಯ ಭಾಷಣ ಮಾಡಿ ಅದನ್ನು ಗಂಡುಮಕ್ಕಳ ದೊಡ್ಡ ಶಾಲೆಗೆ ಸೇರಿಸಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮನೆಗೆ ಬಂದು ಹೇಳಿದರೆ ನಿನ್ನ ತಾತ, "ಹುಡುಗರ ಮಧ್ಯೆ ಕಳಿಸಲ್ಲ" ಅಂದರು. ನನ್ನ ಓದು ಮುಗಿದದ್ದು ಹಾಗೆ. ಕ್ಲಾಸಿನ ಇಪ್ಪತ್ತೆರಡು ಹುಡುಗಿಯರಲ್ಲಿ ದೊಡ್ಡ ಶಾಲೆಯ ಗೇಟು ದಾಟಿದವರು ಐದೇ ಜನ. ಭಾಷಣದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ ಹತ್ತಿಮರಿ. ಆದರೂ ಹದಿನೇಳು ಜನ ಮನೆಯಲ್ಲಿ ಉಳಿದೆವು.

ಆದ್ದರಿಂದ ಮುಚ್ಚಿ ಅಂತ ಮಾತ್ರ ಓದಬೇಡ. ನೀನು ಆ ಐದು ಜನರಲ್ಲಿ ಇರುವವಳು. ನಾನು ಹದಿನೇಳರಲ್ಲಿ ಒಬ್ಬಳು. ಈ ಮೈದಾನಕ್ಕೆ ಬರಲು ಆಸೆಪಟ್ಟು ಬೇಲಿಯಾಚೆ ನಿಂತು ನೋಡುತ್ತಿರುವ ಹುಡುಗಿಯರಲ್ಲಿ ನನ್ನಂಥವರೇ ಹೆಚ್ಚು. ಅವರ ಅಪ್ಪಂದಿರು ಮಹಿಳೆಯರ ಸ್ಪರ್ಧೆಗಾದರೆ ಕಳಿಸುತ್ತಾರೋ ಏನೋ. ಹಾಗಂತ ನೀನು ಅಲ್ಲೇ ಇರಬೇಕು ಅಂತಲ್ಲ. ಬೇಕಾದವರಿಗೆ ಅದು ಇರಲಿ, ಬೇಡದವರನ್ನು ಅದರೊಳಗೆ ತಳ್ಳದಿರಲಿ, ಇಷ್ಟೇ ನನಗೆ ತೋಚುವುದು. ಸಭೆಯಲ್ಲಿ ಇದನ್ನು ಹೇಳಿದರೆ ನಗುತ್ತಾರೇನೋ. ನೀನು ಚೆನ್ನಾಗಿ ಓದಿದವಳು, ಚೆನ್ನಾದ ಮಾತಿನಲ್ಲಿ ಹೇಳು.

ಮೇಷ್ಟ್ರ ಮೇಲಿನ ಕೋಪ ಬಿಡು. ಎಂಟು ವರ್ಷದವಳಿದ್ದಾಗ ನಿನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಗ್ಲೈಡರ್ ತಿರುಗಿಸುವ ಕೋಲು ಹಿಡಿಯಲು ಕಲಿಸಿದವರು. ಸಭೆಯಲ್ಲಿ ಅವರ ಹೆಸರು ಎತ್ತಬೇಡ. ಯಾಕೆ ಅಂತ ಕೇಳಬೇಡ, ಅಮ್ಮ ಹೇಳಿದಳು ಅಂತ ಬಿಡು.

ಗಾಳಿ ನಿನ್ನ ಕಡೆಗಿರಲಿ. ಹೋದ ಜಾಗದಲ್ಲೆಲ್ಲ ಇಳಿಯಲು ಹಸಿರು ಹೊಲ ಸಿಗಲಿ. ನೂರು ವರ್ಷ ಬಾಳು, ಅಷ್ಟೂ ವರ್ಷ ಕತ್ತು ತಿರುಗಿಸುತ್ತಾ ಇರು.

ನಿನ್ನದೇ ಯೋಚನೆಯಲ್ಲಿರುವ,
ಅಮ್ಮ

ತಾ.ಕ.: ಕಾಗದ ಮಡಿಚಿ ಕವರಿಗೆ ಹಾಕಿದ್ದೆ. ಮತ್ತೆ ತೆಗೆದಿದ್ದೇನೆ. ಯಾಕೆ ಅಂತ ಕೇಳಬೇಡ ಅಂದೆನಲ್ಲ, ಅದು ತಪ್ಪು. ನೀನು ನಿಜ ಹೇಳು ಅಂದಿದ್ದೆ.

ಜನವರಿಯಲ್ಲಿ ಸ್ಪರ್ಧೆಯ ಆ ಫಾರಂಗೆ ಸಹಿ ಹಾಕಿ, ಬಸ್ಸಿಗೆ ಹೊತ್ತಾಯಿತು ಅಂತ ನನ್ನ ಕೈಗೆ ಕೊಟ್ಟು ಹೋದೆ. "ಮುಕ್ತ ವಿಭಾಗ ಅಂತ ಮೇಷ್ಟ್ರ ಹತ್ರ ಬರೆಸಮ್ಮ" ಅಂದೆ. ನಾನು ಅವರ ಮುಂದೆ ನಿಂತು, "ಮಹಿಳೆಯರದ್ದು ಅಂತ ಬರೀಬೇಕಂತೆ, ಅವಳೇ ಹೇಳಿದಾಳೆ" ಅಂದೆ. ಅವರು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಅಂದೆ. ಹೋದ ಬೇಸಿಗೆಯಲ್ಲಿ ಮೇಲಕ್ಕೇಳುವ ಒಂದೇ ಬಿಸಿಗಾಳಿಯಲ್ಲಿ ನಿನ್ನ ಸುತ್ತ ಇಪ್ಪತ್ತಾರು ಗ್ಲೈಡರು ಗಿರಗಿರ ಸುತ್ತಿದ್ದನ್ನು ನಾನು ಹ್ಯಾಂಗರಿನ ಬಾಗಿಲಲ್ಲಿ ನಿಂತು ಎಣಿಸಿದ್ದೆ. ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ. ಮಹಿಳೆಯರ ಸ್ಪರ್ಧೆಗೆ ಬರುವವರು ಹದಿಮೂರೇ ಜನ ಅಂತ ಕೇಳಿದ್ದೆ. ಹದಿಮೂರಾದರೆ ಆಕಾಶದಲ್ಲಿ ಜಾಗ ಇರುತ್ತದೆ ಅಂದುಕೊಂಡೆ. ನೀನು ಗೆಲ್ಲುವುದು, ಹೆಣ್ಣು, ಗಂಡು, ಯಾವುದೂ ನನ್ನ ತಲೆಯಲ್ಲಿರಲಿಲ್ಲ.

ನೀನು ಮೇಷ್ಟ್ರ ಮೇಲೆ ಕೂಗಾಡಿದ ದಿನ ಅವರು ನನ್ನ ಕೋಣೆಗೆ ಬಂದರು. "ನೀವೇ ಹೇಳೋವರೆಗೂ ನಾನು ಬಾಯಿ ಬಿಡಲ್ಲಮ್ಮ. ಆದ್ರೆ ಬೇಗ ಹೇಳಿ, ಅವಳ ಕಣ್ಣಲ್ಲಿ ಸಣ್ಣವನಾಗಿ ಇರೋದು ಕಷ್ಟ ಆಗ್ತಿದೆ" ಅಂದರು. ಅದಾಗಿ ಇಷ್ಟು ದಿನ ಅವರನ್ನು ಹಾಗೇ ಇರಿಸಿದೆ. ನಿನ್ನ ತಾತ ಹುಡುಗರ ಮಧ್ಯೆ ಕಳಿಸಲ್ಲ ಅಂದಿದ್ದಕ್ಕೆ ನಲವತ್ತು ವರ್ಷ ಅತ್ತವಳು, ನಾನೂ ಅದನ್ನೇ ಮಾಡಿದೆ. ತಾತ ಎದುರಿಗೇ ಹೇಳಿದ್ದರು. ನಾನು ನಿನ್ನ ಬೆನ್ನ ಹಿಂದೆ ಮಾಡಿದೆ. ನಿಮ್ಮಪ್ಪನಿಗೆ ಈಗಷ್ಟೇ ಹೇಳಿದೆ. ಬಂದು ತಲೆ ಸವರಿದರು.

ಪಟ್ಟಿ ತಿದ್ದಿಸಲು ಹದಿನೆಂಟರವರೆಗೆ ಸಮಯ ಇದೆಯಂತೆ. ಹೊಸ ಫಾರಂ ಇದರ ಜೊತೆಗಿದೆ. ಎಲ್ಲವನ್ನೂ ಮೇಷ್ಟ್ರೇ ಬರೆದಿದ್ದಾರೆ, ವಿಭಾಗದ ಜಾಗ ಮಾತ್ರ ಖಾಲಿ ಬಿಡಿಸಿದ್ದೇನೆ. ಅಲ್ಲಿ ನೀನೇ ಬರಿ. ಈ ಕಾಗದವನ್ನೂ ನಿನ್ನ ಪ್ಯಾರಾಚೂಟನ್ನೂ ಅಂಚೆಗೆ ಹಾಕದೆ ಮೇಷ್ಟ್ರ ಕೈಯಲ್ಲೇ ಕಳಿಸುತ್ತಿದ್ದೇನೆ, ಈಗ ನಿನ್ನ ಮುಂದೆ ನಿಂತಿರುವವರು ಅವರೇ. ಕಾಗದದ ಒಳಗೆ ಏನಿದೆ ಅಂತ ಅವರಿಗೆ ಗೊತ್ತು. ಪಾಪ, ಬಿಸಿಲಲ್ಲಿ ನಿಲ್ಲಿಸಬೇಡ.

ನಿನ್ನ ಛತ್ರಿಯನ್ನು ಇವತ್ತು ಬೆಳಿಗ್ಗೆ ಮಡಿಚಿದೆ. ಮುಗಿದ ಮೇಲೆ ಸಾಮಾನು ಎರಡು ಸಲ ಎಣಿಸಿದೆ, ಆಮೇಲೆ ಸಹಿ ಹಾಕಿದೆ. ಒಳಗೆ ನನ್ನದೇನೂ ಉಳಿದಿಲ್ಲ.