ಲಿಗಾಯಾಳ ರಟ್ಟಿನ ಪೆಟ್ಟಿಗೆ

ಕೆಂಟನ್, ಲಂಡನ್
೯ ನವೆಂಬರ್ ೨೦೨೫, ರವಿವಾರ

ನನ್ನ ಮುದ್ದಿನ ಸೃಷ್ಟಿಗೆ,

ಜ್ವರ ಬಿಟ್ಟಿತೇ? ಕೆಮ್ಮು ಇನ್ನೂ ಇದ್ದರೆ ಚಿಗವ್ವನ ಮುಂದೆ ಹೇಳು, ಮುಚ್ಚಿಡಬೇಡ. ಧಾರವಾಡದಲ್ಲಿ ಚಳಿ ಶುರುವಾಗಿರಬೇಕು. ಕಿವಿಗೆ ಬಟ್ಟೆ ಕಟ್ಟಿಕೊಂಡೇ ಶಾಲೆಗೆ ಹೋಗು. ನಾನು ಚೆನ್ನಾಗಿದ್ದೇನೆ. ಇಲ್ಲಿ ನಾಲ್ಕೂವರೆಗೇ ಕತ್ತಲು. ಕೆಲಸ ಮುಗಿಸಿ ಬಂದು ಅನ್ನಕ್ಕಿಟ್ಟರೆ ಮನೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟು ಬೇರೆ ದನಿ ಇರುವುದಿಲ್ಲ.

ಪಕ್ಕದ ಕೋಣೆಯ ಲಿಗಾಯಾ ಫಿಲಿಪೀನ್ಸ್‌ನವಳು. ನಾವಿಬ್ಬರೂ ಒಂದೇ ಕೇರ್ ಹೋಮಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತೇವೆ; ನನ್ನ ಪಾಳಿ ಮುಗಿಯುವಾಗ ಅವಳದು ಶುರು. ಅವಳ ಮಗಳು ಟಾಲಾ, ನಿನಗಿಂತ ಎರಡು ವರ್ಷ ಚಿಕ್ಕವಳು, ಊರಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ. ಲಿಗಾಯಾಳ ಮಂಚದ ಪಕ್ಕ ಸದಾ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಸೋಪು, ಚಾಕೊಲೇಟು, ಬೂಟು ತಂದು ತಂದು ತುಂಬುತ್ತಾಳೆ, ತುಂಬಿದ ಮೇಲೆ ಹಡಗಿನಲ್ಲಿ ಕಳಿಸುತ್ತಾಳೆ. ಅವರ ಕಡೆಯವರು ಬಹಳ ಜನ ಹೀಗೇ ಮಾಡುತ್ತಾರಂತೆ. ಆದರೆ ಇವಳು ಮೊದಲು ಪೆಟ್ಟಿಗೆಯ ಒಳಮೈಗೆಲ್ಲ ಚಿತ್ರ ಬರೆಯುತ್ತಾಳೆ: ನಮ್ಮ ಅಡುಗೆಮನೆ, ಕೆಂಪು ಬಸ್ಸು, ಕೇರ್ ಹೋಮಿನ ಅಜ್ಜಂದಿರು, ವಿಭೂತಿ ಹಚ್ಚಿಕೊಂಡ ನಾನು.

ಹೋದ ತಿಂಗಳು ಒಂದು ಪೆಟ್ಟಿಗೆ ಮುಟ್ಟಿತು. ವಿಡಿಯೋ ಕಾಲ್‌ನಲ್ಲಿ ನಾನೂ ನೋಡಿದೆ. ಟಾಲಾ ಸಾಮಾನೆಲ್ಲ ಹೊರಗೆ ಹಾಕಿ ತಾನೇ ಅದರೊಳಗೆ ಇಳಿದು ಕೂತಳು. ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು, ಕೊನೆಗೆ ಏನೋ ಕೇಳಿದಳು. ಲಿಗಾಯಾ ಫೋನನ್ನು ಮುಖದ ಹತ್ತಿರ ಹಿಡಿದಳು. ಆಮೇಲೆ ನನಗೆ ಹೇಳಿದಳು: "ಇದರಲ್ಲಿ ಅಮ್ಮ ಯಾರು ಅಂತ ಕೇಳಿದಳು." ಎಲ್ಲರನ್ನೂ ಬರೆದವಳು ತನ್ನನ್ನೇ ಬರೆದಿರಲಿಲ್ಲ.

ಮರುವಾರ ಹೊಸ ಪೆಟ್ಟಿಗೆ ತಂದಳು. ತನ್ನ ಮುಖ ಬರೆಯಲು ಕೂತು ಮೂರು ಸಲ ಅಳಿಸಿ, ಪೆನ್ಸಿಲ್ ನನ್ನ ಕೈಗೆ ಕೊಟ್ಟಳು. "ನೀನೇ ಬರಿ, ಗುರುದೇವಿ. ನಾನು ಹೇಗಿದ್ದೀನೋ ನಂಗೇ ಗೊತ್ತಾಗ್ತಿಲ್ಲ." ರಂಗೋಲಿ ಬಿಟ್ಟು ಬೇರೇನೂ ಬರೆಯದ ನಾನು ಎರಡು ತಾಸು ಅವಳ ಮುಖ ನೋಡುತ್ತ ಕೂತೆ. ಒಂದು ಹುಬ್ಬು ತೀರಾ ಮೇಲೆ ಹೋಯಿತು. ಇರಲಿ ಬಿಡು ಎಂದಳು. ಈ ದೇಶಕ್ಕೆ ಬಂದ ಮೇಲೆ ಯಾರ ಮುಖವನ್ನೂ ನಾನು ಅಷ್ಟು ಹೊತ್ತು ನೋಡಿರಲಿಲ್ಲ.

ನಿನಗೂ ಒಂದು ಪೆಟ್ಟಿಗೆ ಕಳಿಸುತ್ತಿದ್ದೇನೆ. ವೆಂಬ್ಲಿಯಲ್ಲಿ ಕೊಂಡ ಸ್ವೆಟರ್ ಇದೆ, ಬಣ್ಣದ ಪೆನ್ಸಿಲ್ ಇವೆ. ಒಳಮೈಯಲ್ಲಿ ಲಿಗಾಯಾ ನನ್ನನ್ನು ಬರೆದಿದ್ದಾಳೆ, ನಗಬೇಡ.

ಅಜ್ಜನಿಗೂ ಚಿಗವ್ವನಿಗೂ ನನ್ನ ಶರಣು ತಿಳಿಸು. ಬಸವಣ್ಣ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಅವ್ವ,
ಗುರುದೇವಿ

ತಾ.ಕ.: ನೀನು ಈಗ ಚಿಗವ್ವನನ್ನೇ ಅವ್ವ ಎಂದು ಕರೆಯುತ್ತೀಯಂತೆ, ನಾನು ಫೋನ್ ಮಾಡಿದಾಗ ಮಾತ್ರ ಹುಷಾರಾಗಿ ಚಿಗವ್ವ ಅನ್ನುತ್ತೀಯಂತೆ. ಅವಳೇ ಹೇಳಿದಳು. "ಸಿಟ್ಟಾಗಬ್ಯಾಡ ಅಕ್ಕಾ, ನಾ ಕಲಿಸಿಲ್ಲ" ಎಂದು ಅತ್ತಳು. ನನಗೆ ಸಿಟ್ಟಿಲ್ಲ, ಮಗಳೇ. ದಿನಾ ಜಡೆ ಹಾಕುವವಳನ್ನು ಹಾಗೆ ಕರೆದರೆ ತಪ್ಪೇನಿಲ್ಲ. ಫೋನಿನಲ್ಲೂ ಹಾಗೇ ಕರೆ. ನಾನು ಊರಿಗೆ ಬಂದ ಮೇಲೂ ಕರೆ.