ಮಗ್ಗದ ಮನೆಯಲ್ಲಿ ಮೆಟಲ್

ನೆಗಮಂ,
ಆಡಿ ಅಮಾವಾಸ್ಯೆ ಕಳೆದ ಶುಕ್ರವಾರ

ವಿನೋದಿನಿಯ ಅಪ್ಪನಿಗೆ, ತಂಗಮಣಿ ಕೈಮುಗಿದು ಬರೆಯುವುದು.

ಮೈ ಹೇಗಿದೆ? ಬೆನ್ನುನೋವು ಇನ್ನೂ ಕಾಡುತ್ತಿದೆಯೆ? ಇಥಿಯೋಪಿಯಾದಲ್ಲಿ ಈಗ ಮಳೆ, ಬೆಳಗ್ಗೆ ಹಲ್ಲು ಕಟಕಟಿಸುವ ಚಳಿ ಎಂದು ಮುತ್ತುಸಾಮಿ ಹೇಳಿದರು. ನಿಮ್ಮ ಮಿಲ್ಲಿನಲ್ಲೇ ಫಿಟ್ಟರ್ ಆಗಿರುವವರು, ಅವರ ಮಾತನ್ನು ನಂಬುತ್ತೇನೆ. ಫೋನಿನಲ್ಲಿ ನೀವು ಹೇಳುವ ‘ಎಲ್ಲ ಚೆನ್ನಾಗಿದೆ’ಯನ್ನು ನಂಬುವುದಿಲ್ಲ. ಅಲ್ಲಿನ ಹುಳಿದೋಸೆ ಹೊಟ್ಟೆಗೆ ಒಗ್ಗದಿದ್ದರೆ ಅನ್ನ ಮಾಡಿಕೊಳ್ಳಿ. ಬೇಳೆ ಪುಡಿ, ಹೇರಳೆಕಾಯಿ ಉಪ್ಪಿನಕಾಯಿ ಎರಡನ್ನೂ ಕಟ್ಟಿದ್ದೇನೆ. ರಜೆ ಮುಗಿಸಿ ಹೊರಟಿರುವ ಮುತ್ತುಸಾಮಿಯ ಕೈಯಲ್ಲೇ ಈ ಕಾಗದವನ್ನೂ ಕೊಡುತ್ತೇನೆ. ಅವರಿಗೆ ಕನ್ನಡ ಅಕ್ಷರ ಬರುವುದಿಲ್ಲ, ದಾರಿಯಲ್ಲಿ ಬಿಚ್ಚಿ ಓದುವ ಭಯವಿಲ್ಲ. ನನ್ನ ತವರು ತಾಳವಾಡಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿವರೆಗೆ ನಾನು ಕಲಿತು ಬಂದದ್ದನ್ನು ಮದುವೆಯಾದ ಹೊಸದರಲ್ಲಿ ಮಗ್ಗದ ಪಕ್ಕದ ಗೋಡೆಯ ಮೇಲೆ ಬರೆದು ನಿಮಗೆ ಕಲಿಸಿದ್ದೆ. ಮರೆತಿದ್ದರೆ ಈಗ ಕಷ್ಟಪಡಿ. ಒಂದೊಂದೇ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿ, ಫೋನಿನಲ್ಲಾದರೆ ಅರ್ಧ ಮಾತಿಗೇ ‘ಸರಿ ಸರಿ, ಇಡು’ ಎನ್ನುತ್ತೀರಿ.

ಇನ್ನು ಸಮಾಚಾರ. ನಮ್ಮ ಮಗಳು ಕಾಲೇಜಿನಲ್ಲಿ ಡ್ರಮ್ಸ್ ಬಾರಿಸುವುದು ನಿಮಗೆ ಗೊತ್ತು. ಯಾವುದೋ ವಾರ್ಷಿಕೋತ್ಸವಕ್ಕೆ ಎಂದು ನೀವೂ ನಾನೂ ಸುಮ್ಮನಿದ್ದೆವು. ಅದು ಅಷ್ಟಕ್ಕೇ ನಿಲ್ಲಲಿಲ್ಲ. ಅವಳು, ಗಿಟಾರ್ ಹಿಡಿದು ಹಾಡುವ ವಿಮಲ್, ಟ್ರಂಪೆಟ್ ಊದುವ ನವನೀತನ್, ಮೂವರೂ ಸೇರಿ ಒಂದು ಬ್ಯಾಂಡು ಕಟ್ಟಿದ್ದಾರೆ. ಹಾಡುವ ಎಂದು ಬರೆದೆ, ಬೇರೆ ಪದ ತೋಚಲಿಲ್ಲ. ವಿಮಲ್ ಗಂಟಲಿನಿಂದ ಬರುವುದು ಬೋರ್‌ವೆಲ್ ಕೊರೆಯುವ ಸದ್ದು. ಅದಕ್ಕೆ ಮೆಟಲ್ ಎಂದು ಹೆಸರು. ‘ಅದನ್ನೇ ಮೆಲ್ಲಗೆ ಹೇಳಬಾರದೇನಪ್ಪಾ?’ ಎಂದರೆ, ‘ಮೆಲ್ಲಗೆ ಹೇಳಿದ್ರೆ ಇವನ ಟ್ರಂಪೆಟ್ ಮುಂದೆ ನಾನು ಇದೀನಿ ಅಂತಾನೇ ಗೊತ್ತಾಗಲ್ಲಮ್ಮಾ’ ಎನ್ನುತ್ತಾನೆ. ನವನೀತನ್‌ನ ಅಪ್ಪ ಪೊಳ್ಳಾಚಿಯಲ್ಲಿ ಮದುವೆ ಬ್ಯಾಂಡ್‌ಸೆಟ್ಟಿನವರು. ಅವನ ಜೀವ ಇರುವುದು ಸ್ಕಾ ಎಂಬ ಇನ್ನೊಂದು ಬಗೆಯಲ್ಲಿ, ಅದು ಕುಣಿಸುವ ಸಂಗೀತ. ಯಾವುದು ಹೆಚ್ಚು ಎಂದು ಇಬ್ಬರೂ ದಿನಾ ಕಚ್ಚಾಡುತ್ತಾರೆ, ನಿಮ್ಮ ಮಗಳು ನಡುವೆ ಕೂತು ಕೋಲಿನಿಂದ ಇಬ್ಬರ ತಲೆಗೂ ಬಡಿಯುತ್ತಾಳೆ.

ಕೋಯಮತ್ತೂರಿನ ಪೀಳಮೇಡಿನಲ್ಲಿ ಅಂಗಡಿಯೊಂದರ ಮಾಳಿಗೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಅಕ್ಕಪಕ್ಕದವರು ಕೂಗಾಡಿ ಬಿಡಿಸಿದರು. ಆಗ ಅವಳು ನಮ್ಮ ಮಗ್ಗದ ಮನೆ ಕೇಳಿದಳು. ಮಗ್ಗ ಮಾರಿದ ಮೇಲೆ ಅದು ಖಾಲಿ ಬಿದ್ದಿತ್ತಲ್ಲ. ನಿಮ್ಮ ತಮ್ಮ ಸುಬ್ಬಯ್ಯನ್ ನೂಲಿನ ಬೇಲು ಇಡಲು ಕೇಳಿದರೆ ಕೊಟ್ಟುಬಿಡು ಎಂದು ಹೊರಡುವಾಗ ನೀವು ಹೇಳಿದ್ದನ್ನು ಮರೆತಿಲ್ಲ. ಅವರು ಅದುವರೆಗೂ ಕೇಳಿರಲಿಲ್ಲ. ನಾನು ಬೀಗದ ಕೈಯನ್ನು ಮಗಳ ಕೈಗೆ ಕೊಟ್ಟೆ. ಬೀದಿ ತುಂಬ ಮಗ್ಗ, ಹಿಂದೆಲ್ಲ ಪವರ್‌ಲೂಮ್ ಶೆಡ್ಡು, ಆ ಗದ್ದಲದೊಳಗೆ ಇವರದ್ದೂ ಒಂದು ಗದ್ದಲ. ಒಬ್ಬರೂ ತಿರುಗಿ ನೋಡಲಿಲ್ಲ.

ಮೊದಲ ದಿನವೇ ಖಂಡಿತವಾಗಿ ಹೇಳಿದೆ. ಚೌಡೇಶ್ವರಿ ಅಮ್ಮನ ಪಟ ಇರುವ ಜಾಗ, ಚಪ್ಪಲಿ ಹೊರಗೆ, ದೀಪ ಹಚ್ಚಿದ ಮೇಲೆಯೇ ನಿಮ್ಮ ಕೂಗಾಟ ಎಂದೆ. ವಿಮಲ್‌ನ ಅಂಗಿಯ ಮೇಲೆ ತಲೆಬುರುಡೆಯ ಸಾಲು. ‘ಇದು ದೇವರಿಗೆ ವಿರೋಧವೇನು?’ ಎಂದು ಕೇಳಿಯೇಬಿಟ್ಟೆ. ‘ಶಿವನ ಕೊರಳಲ್ಲೂ ಇದೇ ತಾನೇಮ್ಮಾ ಇರೋದು’ ಎಂದು ಹಣೆ ಮುಂದೆ ಚಾಚಿ ವಿಭೂತಿ ಹಚ್ಚಿಸಿಕೊಂಡ. ಬಾಯಿ ಜೋರು, ಹುಡುಗ ಒಳ್ಳೆಯವನು. ಹೊರದೇಶಗಳಲ್ಲಿ ದೇವರನ್ನು ಬೈದು ಹಾಡುವ ಬ್ಯಾಂಡುಗಳೂ ಇವೆಯಂತೆ, ಅದನ್ನೂ ಅವನೇ ಹೇಳಿದ, ಮುಚ್ಚಿಡಲಿಲ್ಲ.

ಪಕ್ಕದ ಮನೆಯ ಬೆಳ್ಳಿಯಮ್ಮನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ನಾನೂ ಬಾಗಿಲಲ್ಲಿ ಕೂರುತ್ತೇನೆ. ಕೂತವಳು ಕೇಳದೆ ಇರುತ್ತೇನೆಯೆ? ಇದನ್ನೆಲ್ಲ ಮೊದಲು ಮಾಡಿದವರು ಯಾರು, ಯಾಕೆ ಮಾಡಿದರು ಎಂದು ಒಂದೊಂದಾಗಿ ಕೇಳುತ್ತೇನೆ. ಇಂಗ್ಲೆಂಡಿನ ಕಾರ್ಖಾನೆ ಊರೊಂದರಲ್ಲಿ ತಗಡಿನ ಕೆಲಸ ಮಾಡುವ ಹುಡುಗನೊಬ್ಬನ ಎರಡು ಬೆರಳಿನ ತುದಿಯನ್ನು ಯಂತ್ರ ತಿಂದುಹಾಕಿತಂತೆ. ಅವನು ಗಿಟಾರ್ ನುಡಿಸುವವನು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡನಂತೆ, ನೋಯದಿರಲೆಂದು ಆಮೇಲೆ ತಂತಿಯನ್ನೂ ಸಡಿಲ ಬಿಟ್ಟನಂತೆ. ಆ ಸಡಿಲ ತಂತಿಯ ಭಾರವಾದ ಸದ್ದಿನಿಂದಲೇ ಮೆಟಲ್ ಬೆಳೆಯಿತು ಎನ್ನುತ್ತಾರೆ. ನನಗೆ ಕಥೆಗಿಂತ ನಿಮ್ಮ ಕೈ ಕಣ್ಣಿಗೆ ಬಂತು. ರೀ, ಯಂತ್ರ ನಿಲ್ಲಿಸದೆ ಒಳಗೆ ಕೈ ಹಾಕಬೇಡಿ.

ಸ್ಕಾ ಹುಟ್ಟಿದ್ದು ಜಮೈಕಾ ಎಂಬ ದ್ವೀಪದಲ್ಲಿ, ಕಬ್ಬಿನ ಗದ್ದೆಗೆಂದು ಆಫ್ರಿಕಾದಿಂದ ಹಿಡಿದು ತಂದ ಜನರ ಮೊಮ್ಮಕ್ಕಳಲ್ಲಿ. ಕಾಲು ಊರುವಾಗ ಅಲ್ಲ, ಎತ್ತುವಾಗ ತಾಳ ಬೀಳುತ್ತದೆ. ಮಗ್ಗದ ಗುಂಡಿಯಲ್ಲಿ ಕಾಲು ಆಡಿಸಿದ ನನಗೆ ಅದು ಬೇಗ ಹಿಡಿಯಿತು, ಕಂಡಿಕೆ ಸುತ್ತುವ ಕೈ ತಾನಾಗಿ ಹಾಗೆ ತಿರುಗುತ್ತದೆ. ಆ ಜನ ಹೊಟ್ಟೆಪಾಡಿಗೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಕರಿಯರ ಮಕ್ಕಳೂ ಬಿಳಿಯರ ಮಕ್ಕಳೂ ಒಂದೇ ಬ್ಯಾಂಡಿನಲ್ಲಿ ನಿಂತು ಕಪ್ಪು ಬಿಳಿ ಚೌಕುಳಿಯನ್ನು ಗುರುತಾಗಿ ಇಟ್ಟುಕೊಂಡರು. ನವನೀತನ್ ಫೋನಿನಲ್ಲಿ ತೋರಿಸಿದ. ನಮ್ಮ ನೆಗಮಂ ಸೀರೆಯ ಚೌಕುಳಿಯೇ, ಅಂಚು ಮಾತ್ರ ಇಲ್ಲ. ಇನ್ನೊಂದು ಕೇಳಿ. ಆ ದ್ವೀಪದ ಒಂದು ಪಂಥದವರಿಗೆ ನೀವಿರುವ ಇಥಿಯೋಪಿಯಾವೇ ಪುಣ್ಯಭೂಮಿಯಂತೆ, ಅಲ್ಲಿನ ಹಳೆಯ ರಾಜನೇ ದೇವರಂತೆ! ಅಲ್ಲಿಯವರಿಗೆ ಈ ವಿಷಯ ಗೊತ್ತೆ? ಯಾರನ್ನಾದರೂ ಕೇಳಿ ಬರೆಯಿರಿ. ಸಂಬಳಕ್ಕೆಂದು ನಿಮ್ಮನ್ನು ಎಲ್ಲಿಗೋ ಕಳಿಸಿದೆ ಎಂದುಕೊಂಡಿದ್ದೆ, ನೋಡಿದರೆ ಯಾರಿಗೋ ಕಾಶಿಯಾದ ಊರಿಗೆ ಕಳಿಸಿದ್ದೇನೆ.

ದೊಡ್ಡ ಬ್ಯಾಂಡುಗಳ ಚರಿತ್ರೆ ಎಲ್ಲರೂ ಬರೆದಿದ್ದಾರೆ, ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಕ್ಯಾಸೆಟ್ಟು ಮಾಡಿ ತಾವೇ ಹಂಚಿದ ನಮ್ಮ ಕಡೆಯ ಸಣ್ಣ ಬ್ಯಾಂಡುಗಳದ್ದು ಎಲ್ಲೂ ಇಲ್ಲ ಎಂದು ವಿನೋದಿನಿ ಅದನ್ನು ಹುಡುಕಿಕೊಂಡು ತಿರುಗುತ್ತಾಳೆ. ಒಂದು ಭಾನುವಾರ ನಾನೂ ಜೊತೆಗೆ ಮೆಟ್ಟುಪಾಳ್ಯಂಗೆ ಹೋದೆ. ಅಲ್ಲಿನ ಆಲೂಗಡ್ಡೆ ಮಂಡಿಯಲ್ಲಿ ಹರಾಜು ಕೂಗುವ ದೊರೈಸಾಮಿ ಎಂಬವರು ಹಿಂದೆ ಕೋಯಮತ್ತೂರಿನ ‘ಕರುಂಗಲ್’ ಎಂಬ ಮೆಟಲ್ ಬ್ಯಾಂಡಿನಲ್ಲಿ ಹಾಡುತ್ತಿದ್ದರಂತೆ. ಹಣೆ ತುಂಬ ವಿಭೂತಿ, ಮೊಣಕಾಲಿಗೆ ಮಡಚಿದ ವೇಷ್ಟಿ. ಇವರೇ ಎಂದರೆ ನಂಬುವಂತಿರಲಿಲ್ಲ, ಆಮೇಲೆ ಹರಾಜು ಕೂಗಲು ಬಾಯಿ ತೆರೆದರು ನೋಡಿ, ವಿಮಲ್ ಅವರ ಮುಂದೆ ಕೂಸು! ಮನೆಗೆ ಕರೆದು ಊಟ ಹಾಕಿದರು. ಕ್ಯಾಸೆಟ್ಟನ್ನು ಮನೆಯಲ್ಲೇ ಒಂದರಿಂದ ಇನ್ನೊಂದಕ್ಕೆ ಇಳಿಸಿ, ಬ್ರೆಜಿಲ್, ಪೋಲೆಂಡ್ ಎಂದು ಮುಖ ಕಾಣದ ಗೆಳೆಯರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರಂತೆ. ಅವರದ್ದು ಇಲ್ಲಿಗೆ ಬರುತ್ತಿತ್ತಂತೆ. ‘ಸ್ಟಾಂಪು ಚೆನ್ನಾಗಿರೋದು, ಕಿತ್ತು ಮಗನ ಪುಸ್ತಕಕ್ಕೆ ಅಂಟಿಸಿದೆ. ಒಳಗಿನ ಸದ್ದನ್ನ ನೀವೇ ಇಟ್ಕೊಳ್ಳಿ ಅಂದೆ’ ಎಂದು ಅವರ ಹೆಂಡತಿ ರಸ ಬಡಿಸುತ್ತ ಅಂದರು. ‘ಈಗಲೂ ಬಚ್ಚಲಿಗೆ ಹೋದ್ರೆ ಶುರು. ಪಕ್ಕದ ಮನೆ ನಾಯಿ ಉತ್ತರ ಕೊಡುತ್ತೆ.’

ನಗುತ್ತಿದ್ದಾಗಲೇ, ಬ್ಯಾಂಡು ಯಾಕೆ ನಿಂತಿತು ಎಂದು ನಾನು ಕೇಳಿದೆ. ಹುಡುಗರು ಹೇಳಿದ ಕಥೆಗಳಲ್ಲೆಲ್ಲ ಬ್ಯಾಂಡು ಒಡೆಯುವುದು ಹಣಕ್ಕೆ, ಹೆಣ್ಣಿಗೆ, ಯಾರ ಹೆಸರು ಮೊದಲು ಎಂಬುದಕ್ಕೆ. ದೊರೈಸಾಮಿ ಕೈತೊಳೆಯುತ್ತ ಹೇಳಿದರು: ‘ಮುಚ್ಚಿದ್ದ ಸ್ಪಿನ್ನಿಂಗ್ ಮಿಲ್ಲಿನ ಗೋದಾಮಿನಲ್ಲಿ ನುಡಿಸ್ತಾ ಇದ್ವಿ ಅಮ್ಮಣಿ. ಆ ಜಾಗ ಮಾರಿಬಿಟ್ರು. ಬೇರೆ ಕಡೆ ಕೇಳಿದ್ವಿ, ಯಾರೂ ಕೊಡಲಿಲ್ಲ. ಈ ತಿಂಗಳು ಬೇಡ, ಮುಂದಿನ ತಿಂಗಳು ಅಂದ್ವಿ. ಒಬ್ಬನಿಗೆ ಮದುವೆ ಆಯ್ತು, ಒಬ್ಬ ತಿರುಪ್ಪೂರಿಗೆ ಬನಿಯನ್ ಕೆಲಸಕ್ಕೆ ಹೋದ. ಜಗಳ ಆಡಿ ಬಿಟ್ಟಿದ್ರೆ ಒಂದಿನ ರಾಜಿ ಆಗ್ತಿದ್ವೋ ಏನೋ. ನಾವು ಜಗಳಾನೇ ಆಡಲಿಲ್ಲ.’ ಬಸ್ಸಿನಲ್ಲಿ ವಾಪಸು ಬರುವಾಗ ಮಗಳು ಮಗ್ಗದ ಮನೆಯ ಬೀಗದ ಕೈಯನ್ನು ಮುಷ್ಟಿಯಲ್ಲೇ ಹಿಡಿದಿದ್ದಳು.

ಈಗ ಅಮಾವಾಸ್ಯೆಯ ವಿಷಯ. ಸುಬ್ಬಯ್ಯನ್ ಹೇಳುವ ಮೊದಲು ನನ್ನಿಂದಲೇ ಕೇಳಿಬಿಡಿ. ಅಮಾವಾಸ್ಯೆಗೆ ಬೀದಿಯಲ್ಲಿ ಒಂದು ಮಗ್ಗವೂ ಆಡುವುದಿಲ್ಲ, ಹಿರಿಯರಿಗೆ ಎಡೆ ಇಡುವ ಆಡಿ ಅಮಾವಾಸ್ಯೆಗಂತೂ ಪವರ್‌ಲೂಮೂ ನಿಲ್ಲುತ್ತದೆ. ನೀವಿಲ್ಲವೆಂದು ನಿಮ್ಮ ತಮ್ಮನೇ ಪೇರೂರಿಗೆ ಹೋಗಿ ಹೊಳೆಯಲ್ಲಿ ಮಾವನವರಿಗೆ ತರ್ಪಣ ಬಿಟ್ಟು ಬಂದಿದ್ದರು. ನೀರೂ ಮುಟ್ಟಿರಲಿಲ್ಲ. ಹಿತ್ತಿಲ ಗೋಡೆಯ ಮೇಲೆ ಎಲೆ ಹಾಕಿ, ಅನ್ನ, ವಡೆ, ಪಾಯಸ ಇಟ್ಟು, ಕಾಗೆ ಬರಲಿ ಎಂದು ಕರೆಯುತ್ತ ನಿಂತೆವು. ಹಾಸ್ಟೆಲಿನಲ್ಲಿದ್ದು ನಿಮ್ಮ ಮಗಳಿಗೆ ತಿಥಿ ಮರೆತುಹೋಗಿದೆ. ರಜೆ ಸಿಕ್ಕಿತೆಂದು ಹುಡುಗರನ್ನು ಕರೆದುಕೊಂಡು ಹಿಂದಿನ ಬಾಗಿಲಿನಿಂದ ಮಗ್ಗದ ಮನೆಯೊಳಗೆ ಹೋದದ್ದು ನನಗೆ ತಿಳಿಯಲಿಲ್ಲ. ಕಾಗೆ ಬಂದು ಕೂತಿತು, ಕತ್ತು ವಾಲಿಸಿ ವಡೆ ನೋಡಿತು. ಸುಬ್ಬಯ್ಯನ್ ಕಣ್ಣಲ್ಲಿ ನೀರು. ಆಗ ಒಳಗಿನಿಂದ ವಿಮಲ್ ಒಂದು ಸಲ ಗರ್ಜಿಸಿದ, ಹಿಂದೆಯೇ ಡ್ರಮ್ಸು. ಮಗ್ಗದ ಸದ್ದಿನಲ್ಲಿ ಕೇಳಿದ್ದಕ್ಕೂ ನಿಶ್ಶಬ್ದದಲ್ಲಿ ಕೇಳಿದ್ದಕ್ಕೂ ಎಷ್ಟು ವ್ಯತ್ಯಾಸ! ನನಗೇ ಎದೆ ಹಾರಿತು. ಕಾಗೆಯೂ ಹಾರಿಹೋಯಿತು.

‘ಅತ್ತಿಗೇ! ಅಪ್ಪ ತುತ್ತು ಮುಟ್ಟದೆ ಎದ್ದು ಹೋದ್ರು! ವರ್ಷಕ್ಕೊಂದ್ ಸಲ ಬರೋರು!’ ಎಂದು ನಿಮ್ಮ ತಮ್ಮ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಬೀದಿಯೇ ಬಂದು ನಿಂತಿತು. ಬೆಳ್ಳಿಯಮ್ಮ ಗೋಡೆಯಾಚೆಯಿಂದ, ‘ಸುಬ್ಬಯ್ಯಾ, ನಿಮ್ಮಪ್ಪ ಬದುಕಿದ್ದಾಗ್ಲೂ ಹಂಗೇ ಕಣೋ. ಮನೇಲಿ ಸದ್ದಾದ್ರೆ ಎಲೆ ಬಿಟ್ಟು ಟೀ ಅಂಗಡಿಗೆ ಹೋಗೋರು. ಬರ್ತಾರೆ ಇರು’ ಎಂದರು. ಯಾರೋ ನಕ್ಕರು, ಅದು ಇನ್ನೂ ಕೆಟ್ಟಿತು. ವಿನೋದಿನಿ ಬೆವರು ಸುರಿಸುತ್ತ ಬಂದು ಚಿಕ್ಕಪ್ಪನ ಕಾಲಿಗೆ ಬಿದ್ದಳು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಅಂದು ಅವರು ಊಟ ಮಾಡಲಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ, ಅಪ್ಪನೆಂದರೆ ಅವರಿಗೆ ಎಷ್ಟು ಎಂದು ನಿಮಗೇ ಗೊತ್ತು. ಸಂಜೆ ನೋಡಿದಾಗ ಎಲೆ ಖಾಲಿಯಾಗಿತ್ತು. ‘ಕಾಗೆ ಬಂದು ತಿಂತು ಅಂದ್ಬಿಡು, ಮುಗೀತು’ ಎಂದು ಬೆಳ್ಳಿಯಮ್ಮ ಪಿಸುಗುಟ್ಟಿದರು. ಕಾಗೆಯೋ ಅಳಿಲೋ, ನಾನು ನೋಡಲಿಲ್ಲ. ನೋಡದ್ದನ್ನು ಹೇಗೆ ಹೇಳಲಿ?

ನಿನ್ನೆ ಸಂಜೆ ಚೌಡೇಶ್ವರಿ ಗುಡಿಯ ಮಂಟಪದಲ್ಲಿ ಕುಲದ ಹಿರಿಯರು ಸೇರಿದ್ದರು. ಬ್ಯಾಂಡು ಬೀದಿ ಬಿಡಬೇಕು, ಮಗ್ಗದ ಮನೆಯನ್ನು ಅಣ್ಣ ಹೇಳಿದ ಹಾಗೆ ಬೇಲು ಇಡಲು ತನಗೆ ಕೊಡಬೇಕು ಎಂದು ಸುಬ್ಬಯ್ಯನ್ ಕೇಳಿದರು. ಹೆಣ್ಣುಮಗಳು, ಉದ್ದಕೂದಲಿನ ಹುಡುಗರು, ಪಿಶಾಚಿಯ ಕೂಗು ಎಂದು ಒಬ್ಬೊಬ್ಬರೂ ಒಂದೊಂದು ಅಂದರು. ಬೆಳ್ಳಿಯಮ್ಮ ಬಿಡಲಿಲ್ಲ: ‘ದಸರೆ ಅಲಗು ಸೇವೇಲಿ ಅಮ್ಮನ ಮುಂದೆ ಎದೆಗೆ ಕತ್ತಿ ಹೊಡ್ಕೊಂಡು ನೀವು ಗಂಡಸ್ರು ಕೂಗ್ತೀರಲ್ಲ, ಅದೇನು ಲಾಲಿನಾ? ಆ ಹುಡುಗನ್ನ ಈ ಸಲ ಮುಂದಿನ ಸಾಲಿಗೆ ಹಾಕಿ, ಅಮ್ಮಂಗೆ ಕೇಳುತ್ತೆ.’ ಕುಲದ ಎಜಮಾನರು ಮೀಸೆಯೊಳಗೆ ನಕ್ಕರು. ಆಮೇಲೆ ಅಮಾವಾಸ್ಯೆಗೂ ಸೂತಕಕ್ಕೂ ಬಾಗಿಲು ಮುಚ್ಚಿರಬೇಕು ಎಂದು ಹೇಳಿ ನನ್ನ ಕಡೆ ತಿರುಗಿದರು: ‘ಮನೆ ನಿನ್ನ ಗಂಡ ಈಶ್ವರನದು. 
ಅವನು ಏನಂತಾನಮ್ಮಾ?’ ನಾನು ಒಂದು ಮಾತು ಹೇಳಿದೆ, ಎಲ್ಲರೂ ಎದ್ದರು. ಆ ಮಾತು ಏನೆಂದು ಕೊನೆಯಲ್ಲಿ ಬರೆಯುತ್ತೇನೆ, ಮೊದಲು ನನ್ನ ಮನಸ್ಸು ಕೇಳಿ.

ಈ ಸಂಗೀತ ನನಗೆ ಹಿಡಿಸಿತು ಎಂದು ಸುಳ್ಳು ಹೇಳುವುದಿಲ್ಲ, ಸ್ಕಾ ಪರವಾಗಿಲ್ಲ, ಮೆಟಲ್ ಕೇಳಿದರೆ ತಲೆನೋವು. ಆದರೆ ಅವಳು ಕೂತು ಎರಡು ಕೈ ಎರಡು ಕಾಲನ್ನೂ ಬೇರೆ ಬೇರೆ ಕೆಲಸಕ್ಕೆ ಹಚ್ಚಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ ಬಾರಿಸುವುದನ್ನು ನೀವು ನೋಡಿಲ್ಲ. ಬೇಲು ಇಡಲು ಸುಬ್ಬಯ್ಯನಿಗೆ ನಮ್ಮ ಮುಂದಿನ ಕೋಣೆ ಕೊಡೋಣ, ನಾನು ಅಡುಗೆಮನೆಯಲ್ಲಿ ಮಲಗಿದರೆ ಏನಾಯಿತು? ಕೋಣೆಯಲ್ಲಿ ಬೇಲು ಹಿಡಿಯುತ್ತದೆ, ಡ್ರಮ್ಸಿಗೆ ಮಾತ್ರ ಬೇರೆ ಜಾಗವಿಲ್ಲ. ಯೋಚನೆ ಮಾಡಿ.

ಹೊತ್ತು ಹೊತ್ತಿಗೆ ಉಣ್ಣಿ, ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಿ. ಅಮ್ಮ ನಿಮ್ಮ ಕೈಕಾಲು ಕಾಯಲಿ. ಮಗಳು ನಮಸ್ಕಾರ ಹೇಳಿದ್ದಾಳೆ, ಹುಡುಗರೂ ಹೇಳಿದ್ದಾರೆ.

ನಿಮ್ಮ
ತಂಗಮಣಿ

ಮತ್ತೆ: ಮುತ್ತುಸಾಮಿ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಎಜಮಾನರು ಕೇಳಿದಾಗ, ‘ಅವರು ಆಗಲೇ ಒಪ್ಪಿದ್ದಾರೆ, ಮಗಳಿಗೇ ಇರಲಿ ಅಂದಿದ್ದಾರೆ’ ಎಂದುಬಿಟ್ಟೆ. ಅಮ್ಮನ ಬಾಗಿಲು ತೆರೆದಿತ್ತು, ದೀಪ ಉರಿಯುತ್ತಿತ್ತು. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಫೋನಿನಲ್ಲಿ ಕೇಳಿದ್ದರೆ ನೀವು ಸಿಟ್ಟಿನಲ್ಲಿ ಬೇಡ ಎನ್ನುತ್ತಿದ್ದಿರಿ, ಅಲ್ಲಿಗೆ ನಾನು ಅಮ್ಮನ ಮುಂದೆ ಹೇಳಿದ್ದು ಸುಳ್ಳೇ ಆಗಿಬಿಡುತ್ತಿತ್ತು. ಗುಡಿಯಲ್ಲಿ ದುಡುಕಿ ಕೇಳಿಬಿಟ್ಟೆ, ಆಡಿ ತಿಂಗಳಲ್ಲಿ ಮನೆಯ ಮಾತು ಎತ್ತಬಾರದು, ತಿಂಗಳು ಕಳೆಯಲಿ ಎಂದು ಸುಬ್ಬಯ್ಯನ್ ಕಾಯುತ್ತಿದ್ದಾರೆ, ಆಮೇಲೆ ನಿಮಗೇ ಫೋನ್ ಮಾಡಿ ಕೇಳುತ್ತಾರೆ. ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು. ನೀವು ಹೂಂ ಎನ್ನುವವರೆಗೆ ನಾನು ಗುಡಿಯ ಹೊಸ್ತಿಲು ದಾಟುವುದಿಲ್ಲ, ಇವತ್ತು ಬೀದಿಯಲ್ಲೇ ನಿಂತು ಕೈಮುಗಿದು ಬಂದೆ.