ಮುಂದಿನ ಖೋಲಿಯ ಬೋರ್ಡು

ವಡಗಾವಿ, ಬೆಳಗಾವಿ
೧೪-೨-೧೯೭೯

ಚಿ. ಸೌ. ತಂಗಿ ಮಲ್ಲವ್ವಳಿಗೆ ಅಕ್ಕನ ಆಶೀರ್ವಾದ. ಬಸವಣ್ಣನ ದಯದಿಂದ ನನ್ನ ಮಗಳು, ಕೂಸು ಆರಾಮ ಇದ್ದಾರೆ. ನನ್ನ ಮೊಣಕಾಲು ನೋವು ಹಾಗೇ ಇದೆ.

ಹೋದ ತಿಂಗಳು ಮಗಳ ಮನೆಯ ಅಟ್ಟದ ಖೋಲಿ ಬಾಡಿಗೆಗೆ ಕೇಳಲು ಅಮೆರಿಕದ ಹೆಣ್ಣುಮಗಳೊಬ್ಬಳು ಬಂದಿದ್ದಳು. ಹೆಸರು ಹೇಜಲ್, ಓಣಿಯವರು ಈಗ ಹೇಜಲಬಾಯಿ ಅನ್ನುತ್ತಾರೆ. ಅಮೆರಿಕದವರೆಲ್ಲ ಬೆಳ್ಳಗಿರುತ್ತಾರೆಂದು ತಿಳಿದಿದ್ದೆ. ಈಕೆ ನಮ್ಮೆಲ್ಲರಿಗಿಂತ ಕಪ್ಪು. ಬಾಗಿಲಲ್ಲೇ ನಿಂತು, “ಖೋಲಿ ನಿನ್ನೇನ ಹೋತವಾ,” ಅಂದುಬಿಟ್ಟೆ. ಕೊರಳಲ್ಲಿ ಲಿಂಗ ಇಟ್ಟುಕೊಂಡು ಹೇಳಿದ ಸುಳ್ಳು.

ಆಕೆಗೆ ನಮ್ಮ ಮಾತು ಬರುತ್ತದೆ, ಓದು ಆಗಿನ್ನೂ ತಡವರಿಕೆ. ಬಾಗಿಲಿಗೆ ತೂಗಿದ್ದ ಬೋರ್ಡನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು: ‘ಖೋಲಿ ಬಾಡಿಗೆಗೆ ಇದೆ.’ ಆಮೇಲೆ, “ನಮ್ಮೂರಾಗೂ ಹಿಂಗ ರೀ. ನಮ್ಮ ಮಾರಿ ನೋಡಿದ ಕೂಡಲೇ ಖೋಲಿ ಹೋಗತದ, ಬೋರ್ಡ್ ಉಳೀತದ,” ಅಂದಳು. ಸಿಟ್ಟು ಮಾಡಲಿಲ್ಲ. ಅವರಪ್ಪ ಕಾಲೇಜು ಕಲಿತವನಂತೆ; ಸಿಕ್ಕ ಕೆಲಸ ಮಾತ್ರ ರೈಲು ಸ್ಟೇಷನ್ನಿನಲ್ಲಿ ಬಿಳಿಯರ ಪೆಟ್ಟಿಗೆ ಹೊರುವುದು.

“ಒಳಗ ಬಾ, ಕುಂದರು,” ಅಂದೆ. ಅಟ್ಟದ ಖೋಲಿಯಲ್ಲೇ ಇದ್ದಾಳೆ.

ಸೋಮವಾರ ಕುಂಬಾರಿಕೆ ಕಲಿಯಲು ಖಾನಾಪುರಕ್ಕೆ ಬರುತ್ತಾಳೆ. ಅಲ್ಲಿ ನಮ್ಮ ಮನೆಯ ಮುಂದಿನ ಖೋಲಿ ಖಾಲಿ ಇದೆ, ಬಾಗಿಲಿಗೆ ಬಾಡಿಗೆಯ ಬೋರ್ಡೂ ತೂಗಿದೆ ಎಂದು ನಾನೇ ಹೇಳಿದ್ದೇನೆ. ಕೊಡಬೇಕೆಂದು ನನ್ನ ಮನಸ್ಸು. ಆದರೆ ಮನೆಯಲ್ಲಿರುವವರು ನೀನು, ನಿನ್ನ ಗಂಡ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಈ ಕಾರ್ಡು ಮುಟ್ಟಿದ ದಿನವೇ ಬಾಗಿಲಿನ ಬೋರ್ಡು ತೆಗೆದಿಡು. ಆಕೆ ಈಗ ಕನ್ನಡ ಸರಾಗ ಓದುತ್ತಾಳೆ.

ಜಾಗ ಮುಗಿಯಿತು.
ನೀಲವ್ವ